ಕೆರೆಗೆ ಒಬ್ಬರನ್ನ ಕೊಟ್ರೆ ನೀರು ಬರುತ್ತೆ ಅನ್ನೋ ಕತೇಲಿ ನನ್ನ ಹುಡುಗ ಏನ್ ಮಾಡ್ಬೇಕು? ಫ್ಯಾಂಟಸಿ ಓದೋ, ಬರಿಯೋ ಕ್ರೈಸ್ತರು ಹೇಳಿ

ಏರಿಮೇಲಿನ_ಹುಡುಗ, ಮಂಡ್ಯ:

ಎಲ್ರಿಗೂ ನಮಸ್ಕಾರ. ನಾನು ಮಂಡ್ಯದವನು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೀತಾ ಇದೀನಿ, ಮುಕ್ಕಾಲು ಭಾಗ ಆಗಿದೆ, ಈಗ ಕತೆ ಬಂದು ನಿಂತಿರೋದು ಒಂದೇ ಒಂದು ತೀರ್ಮಾನದ ಹತ್ರ. ಅದು ಬರವಣಿಗೆ ವಿಷಯವೂ ಹೌದು, ನನ್ನ ನಂಬಿಕೆ ವಿಷಯವೂ ಹೌದು, ಅದಕ್ಕೇ ಇಲ್ಲಿ ಕೇಳ್ತಾ ಇದೀನಿ.

ಕತೆ ಚುಟುಕಾಗಿ ಹೇಳ್ತೀನಿ. ಹಿಮ, ಕೋಟೆ, ಡ್ರ್ಯಾಗನ್ ಯಾವುದೂ ಇಲ್ಲ, ನಮ್ಮ ಕಡೆ ಥರದ್ದೇ ಒಂದು ಸೀಮೆ, ರಾಗಿ ಹೊಲ, ದೊಡ್ಡ ಕೆರೆ, ಏರಿ, ಕೋಡಿ, ತೂಬು. ಕೆರೆ ತಳದಲ್ಲಿ ಒಂದು ಜೀವ ಇದೆ, ಊರೋರು ಅದನ್ನ ‘ಕೆಳಗಿನೋಳು’ ಅಂತಾರೆ. ಕೆರೆ ಒಣಗಿದ ವರ್ಷ ಅವಳಿಗೆ ಒಬ್ಬರನ್ನ ಕೊಡಬೇಕು, ತೂಬಿನ ಗುಂಡೀಲಿ ನಿಲ್ಸಿ ಕಲ್ಲು ಎತ್ತಿದ್ರೆ ಮುಗೀತು, ಬೆಳಗಾಗೋದ್ರಲ್ಲಿ ಕೆರೆ ಕೋಡಿ ಬೀಳುತ್ತೆ. ಇದು ಊರೋರ ಮೂಢನಂಬಿಕೆ ಅಲ್ಲ, ಕತೆಯೊಳಗೆ ನಿಜವಾಗ್ಲೂ ನಡೆಯುತ್ತೆ, ಮೊದಲನೇ ಅಧ್ಯಾಯದಲ್ಲೇ ಓದುಗರು ಅದನ್ನ ನೋಡಿರ್ತಾರೆ. ನನ್ನ ಹುಡುಗ ನೀರುಗಂಟಿ ಮಗ, ಅಂದ್ರೆ ಕೆರೆ ನೀರು ಬಿಡೋನ ಮಗ, ಅಪ್ಪ ತೀರ್ಕೊಂಡಿದಾನೆ, ತೂಬಿನ ಕಲ್ಲು ಆ ಮನೆತನದೋರ ಕೈಗೆ ಮಾತ್ರ ಏಳೋದು. ಅಂದ್ರೆ ಯಾರನ್ನ ಕೊಡಬೇಕು ಅಂತ ಊರು ಏನೇ ತೀರ್ಮಾನ ಮಾಡ್ಲಿ, ಕೊನೇ ಕೈ ಇವನದೇ.

ಯಾರು ಅಂತ ಎತ್ತೋ ಸೀನ್ ಬರೆದಾಗಿದೆ. ಮನೆಗೊಂದು ಬೆಣಚುಕಲ್ಲು, ಅದರ ಮೇಲೆ ಆ ಮನೆ ಗುರುತು, ಎಲ್ಲಾನೂ ಒಂದು ಮಡಕೆಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಅಲ್ಲಾಡಿಸ್ತಾರೆ. ಪಟೇಲನ ಕಲ್ಲು ಆ ಮಡಕೇಲಿ ಇಲ್ಲ. ಪಟೇಲ ಕೈ ಒಳಗೆ ಹಾಕ್ದ, ಆದ್ರೆ ಕಲ್ಲು ಬಿದ್ದ ಸದ್ದು ಬರಲಿಲ್ಲ, ಮಡಕೆ ಹಿಡ್ಕೊಂಡಿದ್ದ ಹುಡುಗನಿಗೆ ಮಾತ್ರ ಅದು ಗೊತ್ತಾಯ್ತು. ಹೆಸರು ಬಂದಿದ್ದು ಮೇಕೆ ಕಾಯೋ ಒಂದು ಹುಡುಗೀದು, ಬೇರೆ ಊರಿಂದ ಬಂದು ಅಜ್ಜಿ ಜೊತೆ ಇರೋಳು, ಅವಳ ಪರವಾಗಿ ಬಾಯಿ ತೆಗೆಯೋರು ಯಾರೂ ಇಲ್ಲ. ಇತ್ತ ಇವನ ತಂಗಿ ನೀರಿಲ್ಲದೆ ಜ್ವರದಲ್ಲಿ ಮಲಗಿದಾಳೆ, ದನಗಳು ಸಾಯ್ತಾ ಇವೆ.

ಈಗ ಹುಡುಗ ಏನ್ ಮಾಡ್ಬೇಕು? ಕಲ್ಲು ಎತ್ತಿದ್ರೆ ಒಂದು ಜೀವ ಹೋಗಿ ಇಡೀ ಊರು ಉಳಿಯುತ್ತೆ, ಆದ್ರೆ ಒಳ್ಳೇದಾಗ್ಲಿ ಅಂತ ಕೆಟ್ಟದ್ದು ಮಾಡೋಣ ಅನ್ನೋ ಮಾತನ್ನ ಪೌಲ ರೋಮಾಪುರದವರಿಗೆ 3:8ರಲ್ಲೇ ತಳ್ಳಿಹಾಕಿದಾನೆ, ಅಲ್ಲಿ ನನಗೆ ಅನುಮಾನ ಇಲ್ಲ. ಎತ್ತಲ್ಲ ಅಂತ ನಿಂತ್ರೆ ತಂಗಿ ಸಾಯ್ಬಹುದು, ಊರು ಖಾಲಿಯಾಗುತ್ತೆ, ಸರಿಯಾದ ಕೆಲಸ ಮಾಡಿದ್ದಕ್ಕೇ ಎಲ್ಲಾ ಹಾಳಾಯ್ತು ಅಂತ ಓದುಗರು ಪುಸ್ತಕ ಎಸೀತಾರೆ. ಇನ್ನು ನನ್ನ ಡ್ರಾಫ್ಟ್ ಓದಿದ ಫ್ರೆಂಡ್ಸ್ ಎಲ್ಲಾ ಹೇಳೋದು ಒಂದೇ, ಅವನೇ ಗುಂಡಿಗೆ ಇಳೀಲಿ, ಯೇಸು ಸ್ವಾಮಿ ಥರ ಆಗುತ್ತೆ, ಕ್ರೈಸ್ತ ಕತೆ ಅಂದ್ರೆ ಅದೇ ಅಲ್ವಾ ಅಂತ. ನನಗೆ ಮಾತ್ರ ಅದು ಒಪ್ಪಿಗೆ ಆಗ್ತಾ ಇಲ್ಲ. ಹದಿನೈದು ವರ್ಷದ ಹುಡುಗ ನೀರಿಗೆ ಬೀಳೋದನ್ನ ದೊಡ್ಡ ತ್ಯಾಗ ಅಂತ ಬರೆದ್ರೆ ಅದೇ ವಯಸ್ಸಿನ ಓದುಗರಿಗೆ ನಾನು ಏನ್ ಹೇಳಿದ ಹಾಗಾಯ್ತು? ಮತ್ತೆ, ಕೆಳಗಿನೋಳಿಗೆ ಒಂದು ಜೀವ ಸಿಕ್ಕೇ ಸಿಕ್ತಲ್ಲ, ಅವಳಿಗೇನು ನಷ್ಟ?

ಸಭೆಯ ಹಿರಿಯರೊಬ್ಬರು ಎರಡು ಅಧ್ಯಾಯ ಓದಿ, ಭೂತಕ್ಕೆ ಬಲಿ ಕೊಡೋ ಕತೆ ಕ್ರೈಸ್ತನಾಗಿ ಯಾಕಪ್ಪಾ ಬರೀತೀಯ ಅಂತ ಧರ್ಮೋಪದೇಶಕಾಂಡ 18 ತೋರಿಸಿದ್ರು. ಪ್ರೀತಿಯಿಂದಲೇ ಹೇಳಿದ್ರು, ಅದಕ್ಕೇ ಇನ್ನೂ ಮನಸ್ಸಲ್ಲಿ ಕೂತಿದೆ. ದಯವಿಟ್ಟು ಯೋಚನೆ ಮಾಡಿ ಉತ್ತರ ಕೊಡಿ.

ಸಂಡೇಸ್ಕೂಲ್_ಅಕ್ಕ, ಮೈಸೂರು:

ತಮ್ಮ, ನಾನು ಸಂಡೇ ಸ್ಕೂಲಲ್ಲಿ ಮಕ್ಕಳಿಗೆ ಪಾಠ ಮಾಡೋಳು, ಮಂತ್ರ ಮಾಟ ಇರೋ ಕತೆ ಅಂದ್ರೆ ನಾನೂ ಸ್ವಲ್ಪ ಹಿಂದೆಮುಂದೆ ನೋಡ್ತೀನಿ, ಅದನ್ನ ಮೊದಲೇ ಹೇಳ್ಬಿಡ್ತೀನಿ. ಎಫೆಸದಲ್ಲಿ ನಂಬಿದೋರು ತಮ್ಮ ಮಾಟದ ಪುಸ್ತಕಗಳನ್ನ ತಂದು ಎಲ್ಲರ ಮುಂದೆ ಸುಟ್ರು, ಅದರ ಬೆಲೆ ಐವತ್ತು ಸಾವಿರ ಬೆಳ್ಳಿ ನಾಣ್ಯ ಅಂತ ಅಪೊಸ್ತಲರ ಕೃತ್ಯಗಳು 19:19ರಲ್ಲಿ ಇದೆ. ಅಷ್ಟು ದುಡ್ಡಿಗೆ ಮಾರ್ಕೊಬಹುದಿತ್ತು, ಮಾರಲಿಲ್ಲ. ಹಾಗಾಗಿ ಹಿರಿಯರು ಹೆದರಿದ್ದು ಸುಮ್ನೆ ಅಲ್ಲ, ಅವರ ಮಾತನ್ನ ತೆಗೆದು ಹಾಕ್ಬೇಡ.

ಆದ್ರೆ ಅವರು ತೋರಿಸಿದ ಅಧ್ಯಾಯವನ್ನೇ ಇನ್ನೊಂದ್ಸಲ ಓದು. 18:10ರಲ್ಲಿ ಕಣಿ ಹೇಳೋರು, ಮಾಟ ಮಾಡೋರು ಇವರೆಲ್ಲರಿಗಿಂತ ಮೊದಲು ಬರೋದು ಯಾರು? ಮಗನನ್ನೋ ಮಗಳನ್ನೋ ಬೆಂಕಿಗೆ ಕೊಡೋರು. ಒಂದೇ ಉಸಿರಲ್ಲಿ ಮಗುವನ್ನ ಬಲಿ ಕೊಡೋದನ್ನೂ ಮಾಟವನ್ನೂ ಸೇರಿಸಿ ಬೇಡ ಅಂದಿದೆ, ಯಾಕಂದ್ರೆ ಎರಡರಲ್ಲೂ ನಮ್ಮ ಕಷ್ಟ ಕಳೆಯೋಕೆ ಬೇರೆ ಶಕ್ತಿ ಜೊತೆ ವ್ಯಾಪಾರಕ್ಕೆ ಇಳೀತೀವಿ. ಹಾಗೆ ನೋಡಿದ್ರೆ ನಿನ್ನ ಕತೆ ಆ ವಚನಕ್ಕೆ ವಿರುದ್ಧ ಇಲ್ಲ, ಆ ವಚನದ ಬಗ್ಗೆನೇ ಇದೆ. ಬೇಕಾದ್ರೆ ಹಿರಿಯರ ಹತ್ರ ಇದೇ ಮಾತು ಹೇಳು, ಆದ್ರೆ ವಾದಕ್ಕೆ ನಿಂತ ಹಾಗೆ ಹೇಳ್ಬೇಡ.

ಕಲ್ಪನೆ ಕತೆ ಬೈಬಲ್ಲಲ್ಲೇ ಇದ್ಯಲ್ಲ. ನ್ಯಾಯಸ್ಥಾಪಕರು 9ರಲ್ಲಿ ಯೋತಾಮ ಬೆಟ್ಟದ ಮೇಲೆ ನಿಂತು ಮರಗಳು ರಾಜನನ್ನ ಹುಡುಕ್ಕೊಂಡು ಹೋದ ಕತೆ ಹೇಳ್ತಾನೆ, ಎಣ್ಣೆಮರ ಅಂಜೂರ ದ್ರಾಕ್ಷಿ ಎಲ್ಲಾ ಬೇಡ ಅಂದು ಕೊನೆಗೆ ಮುಳ್ಳುಗಿಡ ಒಪ್ಕೊಳುತ್ತೆ. ಪ್ರವಾದಿ ನಾತಾನ ರಾಜ ದಾವೀದನಿಗೆ ಹೇಳಿದ, ಬಡವನ ಒಂದೇ ಕುರಿಮರೀನ ಸಾಹುಕಾರ ಕಿತ್ಕೊಂಡ ಕತೆ ನೋಡು, ನೇರವಾಗಿ ನೀನು ತಪ್ಪು ಮಾಡ್ದೆ ಅಂದಿದ್ರೆ ರಾಜ ಕೇಳ್ತಿದ್ನಾ? ಕತೆ ಕೇಳಿ ಸಿಟ್ಟು ಬಂದು, ಅಂಥೋನು ಸಾಯ್ಬೇಕು ಅಂತ ತನ್ನ ಬಾಯಿಂದಲೇ ಹೇಳಿ ಸಿಕ್ಕಿಬಿದ್ದ.

ನನ್ನ ಬೇಡಿಕೆ ಇಷ್ಟೇ. ಕೆಳಗಿನೋಳನ್ನ ಕರೆಯೋ ಮಂತ್ರ ಅಂತ ಪದಗಳನ್ನ ಬರೀಬೇಡ. ಅವಳನ್ನ ತುಂಬ ಚೆಂದವಾಗಿಯೂ ಮಾಡ್ಬೇಡ. ಮತ್ತೆ ಹುಡುಗ ಅವಳ ಶಕ್ತೀನ ಕದ್ದು ಅದರಿಂದಲೇ ಅವಳನ್ನ ಸೋಲಿಸೋದು ಅಂತ ಮಾತ್ರ ಮಾಡ್ಲೇಬೇಡ. ಮಕ್ಕಳು ಮಂತ್ರ ಕಲಿಯಲ್ಲ, ಅಷ್ಟು ದಡ್ಡರಲ್ಲ, ಆದ್ರೆ ಗೆಲ್ಲೋಕೆ ಏನ್ ಬೇಕಾದ್ರೂ ಮಾಡ್ಬಹುದು ಅನ್ನೋದನ್ನ ಬಲು ಬೇಗ ಕಲೀತಾರೆ.

ಮಂಡಿಮೊಹಲ್ಲಾ_ಓದುಗ, ಮೈಸೂರು:

ಬ್ರದರ್, ನಾನು ಕ್ಯಾಥೊಲಿಕ್, ಟೋಲ್ಕಿನ್ ಓದಿ ಬೆಳೆದವನು, ಅವನನ್ನ ಬಿಟ್ಟು ಈ ಪ್ರಶ್ನೆಗೆ ಉತ್ತರ ಹೇಳೋಕೆ ನನಗೆ ಬರಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಬಂದಿದ್ದು, ಅವನು ಆಕ್ಸ್‌ಫರ್ಡ್ ಪ್ರೊಫೆಸರ್, ಗಟ್ಟಿ ಕ್ಯಾಥೊಲಿಕ್, ಆದ್ರೂ ಆ ಪುಸ್ತಕದಲ್ಲಿ ಚರ್ಚ್ ಇಲ್ಲ, ಪಾದ್ರಿ ಇಲ್ಲ, ಯೇಸುಕ್ರಿಸ್ತರ ಹೆಸರು ಒಂದ್ ಕಡೇನೂ ಇಲ್ಲ. ಇದ್ದಿದ್ದೆಲ್ಲ ಆಯ್ಕೆಗಳ ಒಳಗೆ ಇದೆ.

ಮುಖ್ಯವಾಗಿ ಕೊನೆ ನೋಡಿ. ಹೀರೋ ಫ್ರೋಡೊ ಬೆಂಕಿಗೆ ಎಸೆದು ನಾಶ ಮಾಡ್ಬೇಕಾದ ಒಂದು ಕೆಟ್ಟ ಶಕ್ತಿಯ ಉಂಗುರಾನ ಅಷ್ಟು ದೂರ ಹೊತ್ಕೊಂಡು ಹೋಗಿ, ಬೆಂಕಿ ಬೆಟ್ಟದ ಅಂಚಲ್ಲಿ ನಿಂತು, ಎಸೆಯಲ್ಲ ಇದು ನಂದು ಅಂತ ಹಾಕ್ಕೊಂಡುಬಿಡ್ತಾನೆ! ಹೀರೋ ಸೋಲ್ತಾನೆ. ಕೆಲಸ ಆಗೋದು ಗೋಲಮ್ ಅನ್ನೋ ದುರಾಸೆಯ ಜೀವದಿಂದ, ಅವನು ಬೆರಳೇ ಕಚ್ಚಿ ಉಂಗುರ ಕಿತ್ಕೊಂಡು ಆಯತಪ್ಪಿ ಬೆಂಕಿಗೆ ಬೀಳ್ತಾನೆ. ಆ ಗೋಲಮ್ ಅಲ್ಲೀವರೆಗೆ ಬದುಕಿದ್ದು ಹೇಗೆ? ಬಹಳ ಹಿಂದೆ ಫ್ರೋಡೊನ ಸಂಬಂಧಿ ಬಿಲ್ಬೊ ಅವನನ್ನ ಕೊಲ್ಲೋ ಅವಕಾಶ ಇದ್ರೂ ಅಯ್ಯೋ ಪಾಪ ಅಂತ ಬಿಟ್ಟಿದ್ದ, ಆಮೇಲೆ ಫ್ರೋಡೊನೂ ಬಿಟ್ಟ, ಕೊನೇ ಗಳಿಗೇಲಿ ಫ್ರೋಡೊನ ಜೊತೆಗಾರ ಸ್ಯಾಮ್ ಕೂಡ ಬಿಟ್ಟ. ಬಿಡೋವಾಗ ಯಾರಿಗೂ ಮುಂದೆ ಇದರಿಂದ ಲಾಭ ಇದೆ ಅಂತ ಗೊತ್ತಿರ್ಲಿಲ್ಲ. ಫ್ರೋಡೊ ಸೋತಿದ್ದರ ಬಗ್ಗೆ ಓದುಗರು ಕಾಗದ ಬರೆದು ಕೇಳಿದಾಗ ಟೋಲ್ಕಿನ್ ಉತ್ತರ ಕೊಡ್ತಾ ನಾವು ದಿನಾ ಹೇಳೋ ಪ್ರಾರ್ಥನೆ ಕಡೆಗೇ ಕೈ ತೋರಿಸ್ತಾನೆ, ನಮ್ಮನ್ನ ಶೋಧನೆಗೆ ಒಳಪಡಿಸಬೇಡಿ, ಕೇಡಿನಿಂದ ಕಾಪಾಡಿ ಅನ್ನೋದು. ಮನುಷ್ಯನ ಶಕ್ತಿ ಮೀರಿದ ಗಳಿಗೆಗಳು ಇವೆ, ಅಲ್ಲಿ ಅವನನ್ನ ಉಳಿಸೋದು ಅವನ ಗಟ್ಟಿತನ ಅಲ್ಲ.

ಅದೇ ಪುಸ್ತಕದಲ್ಲಿ ಬೊರೊಮಿರ್ ಅಂತ ಒಬ್ಬ ಇದಾನಲ್ಲ, ಅವನು ಕೆಟ್ಟವನಲ್ಲ, ತನ್ನ ಜನರನ್ನ ಉಳಿಸ್ಬೇಕು ಅಂತಲೇ ಉಂಗುರ ಕೇಳ್ತಾನೆ, ಕೊಡದಿದ್ದಾಗ ಕಿತ್ಕೊಳೋಕೆ ಹೋಗ್ತಾನೆ. ನಿಮ್ಮ ಪಟೇಲನನ್ನ ಆ ಥರ ಬರೀರಿ, ಕೈಯಲ್ಲಿ ಕಲ್ಲು ಬಚ್ಚಿಟ್ಟ ಬರೀ ಖದೀಮ ಮಾಡ್ಬೇಡಿ. ಅವನ ಮನೇಲೂ ಒಂದು ಮಗು ಇರಲಿ.

ಈಗ ನಿಮ್ಮ ಹುಡುಗನ ವಿಷಯ. ನೀವು ತೂಬಿನ ಹತ್ರ ಏನ್ ಮಾಡ್ಲಿ ಅಂತ ಕೇಳ್ತಾ ಇದೀರ, ಆದ್ರೆ ಅವನು ಆಗಲೇ ಒಂದು ತೀರ್ಮಾನ ಮಾಡಿ ಆಗಿದೆ ಬ್ರದರ್. ಮಡಕೆ ಹಿಡ್ಕೊಂಡು ನಿಂತಾಗ ಕಲ್ಲು ಬಿದ್ದ ಸದ್ದು ಬರಲಿಲ್ಲ, ಅವನು ಸುಮ್ನಿದ್ದ. ನೀವು ಅದನ್ನ ಮಾಹಿತಿ ಕೊಡೋ ಸಾಲು ಅಂತ ದಾಟಿಬಿಟ್ಟಿದೀರ, ನನಗೆ ಇಡೀ ಕತೆಯ ಆಯಕಟ್ಟಿನ ಜಾಗ ಅದೇ ಅನ್ಸುತ್ತೆ. ಯಾಕೆ ಸುಮ್ನಿದ್ದ? ಭಯ ಇರ್ಬಹುದು, ಅಥವಾ ಇನ್ನೊಂದು, ಆ ಕ್ಷಣದಲ್ಲಿ ತನ್ನ ತಂಗಿ ಹೆಸರು ಬರದೆ ಇದ್ರೆ ಸಾಕು ಅಂತ ಅವನೂ ಲೆಕ್ಕ ಹಾಕ್ತಾ ಇದ್ದ. ಯೇಸುಕ್ರಿಸ್ತರ ಶಿಷ್ಯ ಪೇತ್ರ ಅವರನ್ನ ಹಿಡಿದ ರಾತ್ರಿ ಬೆಂಕಿ ಕಾಯಿಸ್ಕೊಳ್ತಾ ನನಗೆ ಆ ಮನುಷ್ಯ ಗೊತ್ತಿಲ್ಲ ಅಂದ ಹಾಗೆ, ಸುತ್ತ ಇರೋರು ಯಾರೂ ಅಂಥ ದೊಡ್ಡ ಜನ ಅಲ್ಲ, ಕೇಳಿದ್ದು ಒಬ್ಬ ಕೆಲಸದವಳು, ಅಲ್ಲೇ ಬಿದ್ದ. ತೂಬಿನ ಸೀನ್ ದೊಡ್ಡದಾಗಿ ಕಾಣ್ಬೇಕಾದ್ರೆ ಮಡಕೆ ಸೀನ್‌ಗೆ ವಾಪಸ್ ಹೋಗಿ.

ಪಾಲಹಳ್ಳಿ_ಕಡೆಯೋಳು:

ನಾನು ಶ್ರೀರಂಗಪಟ್ಟಣದ ಹತ್ರದವಳು. ಇಲ್ಲಿ ಎಲ್ರೂ ಹುಡುಗ ಏನ್ ಮಾಡ್ಬೇಕು ಅಂತ ಮಾತಾಡ್ತಾ ಇದೀರ, ಆ ಹುಡುಗಿ ಏನ್ ಹೇಳ್ತಾಳೆ ಅಂತ ಒಬ್ಬರೂ ಕೇಳಿಲ್ಲ. ಮೂಲ ಪೋಸ್ಟಲ್ಲಿ ಅವಳಿಗೆ ಹೆಸರೂ ಇಲ್ಲ.

ಈ ಕತೆ ಓದಿದ ತಕ್ಷಣ ಯಾರಿಗಾದ್ರೂ ‘ಕೆರೆಗೆ ಹಾರ’ ನೆನಪಾಗ್ಲೇಬೇಕು. ಸ್ಕೂಲಲ್ಲಿ ಓದಿರ್ತೀವಿ. ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ನೀರು ಬರಲ್ಲ, ಶಾಸ್ತ್ರ ಕೇಳ್ತಾರೆ, ಸೊಸೇನ ಕೊಡ್ಬೇಕು ಅಂತ ಬರುತ್ತೆ, ಹಿರಿ ಸೊಸೇನ ಕೊಟ್ರೆ ಹಿರಿತನಕ್ಕೆ ಯಾರು ಅಂತ ಯೋಚನೆ ಮಾಡಿ ಕಿರಿಯವಳು ಭಾಗೀರತಿ ಮೇಲೆ ಬರುತ್ತೆ. ಅಂದ್ರೆ ದೇವರು ಆರಿಸಿದ್ದಲ್ಲ, ಮನೆಯೋರು ಯಾರಿಲ್ಲದಿದ್ರೆ ನಡೆಯುತ್ತೆ ಅಂತ ಲೆಕ್ಕ ಹಾಕಿ ಆರಿಸಿದ್ದು. ಅವಳು ತವರಿಗೆ ಹೋಗ್ತಾಳೆ, ಅಪ್ಪ ಅವ್ವನ ಹತ್ರ ನಿಜ ಬಾಯಿ ಬಿಡಲ್ಲ. ಪೂಜೆ ಆಗಿ ಎಲ್ರೂ ವಾಪಸ್ ಬರೋವಾಗ ಮರೆತು ಬಂದ ಬಟ್ಟಲು ತರೋಕೆ ಅವಳನ್ನೇ ಕಳಿಸ್ತಾರೆ, ಒಂದೊಂದು ಮೆಟ್ಟಿಲಿಗೂ ನೀರು ಏರ್ತಾ ಬರುತ್ತೆ. ದಂಡಿಂದ ಬಂದ ಗಂಡ ವಿಷಯ ಗೊತ್ತಾಗಿ ಅದೇ ಕೆರೆಗೆ ಬೀಳ್ತಾನೆ. ಚಿಕ್ಕವಳಿದ್ದಾಗ ನಮಗೆ ಅವಳ ತ್ಯಾಗ ಎಷ್ಟು ದೊಡ್ಡದು ಅಂತ ಪಾಠ ಮಾಡಿದ್ರು. ನನಗೆ ಆಗಲೂ ಈಗಲೂ ಕಾಣೋದು ಬೇರೆ, ಅವಳನ್ನ ಯಾರೂ ಕೇಳಲೇ ಇಲ್ಲ, ಬೇರೆ ದಾರಿ ಇಲ್ದಂಗೆ ಮಾಡಿ ಆಮೇಲೆ ಅದನ್ನ ತ್ಯಾಗ ಅಂದ್ರು. ಹಾಡು ಕಟ್ಟಿದ ಜನಕ್ಕೆ ಇದು ಗೊತ್ತಿತ್ತು ಅಂತಲೇ ನನಗನ್ಸೋದು, ಇಲ್ಲದಿದ್ರೆ ಗಂಡನನ್ನ ಕೆರೆಗೆ ಬೀಳಿಸ್ತಿರ್ಲಿಲ್ಲ, ನೀರು ತುಂಬಿದ ಸಂತೋಷದಲ್ಲಿ ಮುಗಿಸ್ತಿದ್ರು.

ಯೇಸುಕ್ರಿಸ್ತರು ನನ್ನ ಪ್ರಾಣವನ್ನ ಯಾರೂ ನನ್ನಿಂದ ತೆಗೆಯಲ್ಲ, ನಾನೇ ಕೊಡ್ತೀನಿ ಅಂದಿದ್ದು ಯೊವಾನ್ನ 10ರಲ್ಲಿ. ಆ ಮಾತು ಹೇಳೋಕೆ ಮೊದಲು ‘ಬೇಡ’ ಅನ್ನೋ ಹಕ್ಕು ಇರ್ಬೇಕು. ಮೇಕೆ ಕಾಯೋಳಿಗೆ ಆ ಹಕ್ಕು ಇಲ್ಲ. ಹಾಗಾಗಿ ಅವಳೇ ಒಪ್ಕೊಂಡು ಗುಂಡಿಗೆ ಇಳಿಯೋ ಸೀನ್ ಏನಾದ್ರೂ ನಿಮ್ಮ ತಲೇಲಿ ಇದ್ರೆ ದಯವಿಟ್ಟು ತೆಗೆದುಹಾಕಿ. ಅವಳು ಬೈಲಿ, ಕೂಗಾಡ್ಲಿ, ಹುಡುಗನ ಮುಖಕ್ಕೆ ನೀನು ಮಡಕೆ ಹಿಡ್ಕೊಂಡಿದ್ದೆ ಅಲ್ವಾ ಅಂತ ಕೇಳ್ಲಿ.

ಹುಡುಗ ಬದಲಿಗೆ ಹೋಗೋದ್ರ ಬಗ್ಗೆ, ಆತ್ಮಹತ್ಯೆ ಆಗುತ್ತಾ ಅನ್ನೋ ಪ್ರಶ್ನೆಗೆ, ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆ ನೆನಪಿಸ್ಕೊಳ್ಳಿ. 1941ರಲ್ಲಿ ನಾಜಿಗಳ ಆಶ್ವಿಟ್ಜ್ ಕ್ಯಾಂಪಲ್ಲಿ ಹಸಿವಿಂದ ಸಾಯ್ಲಿ ಅಂತ ಹತ್ತು ಜನರನ್ನ ಆರಿಸಿದಾಗ ಒಬ್ಬ ನನ್ನ ಹೆಂಡತಿ ಮಕ್ಕಳು ಅಂತ ಅತ್ತ, ಕೋಲ್ಬೆ ಮುಂದೆ ಬಂದು ಅವನ ಬದಲು ನಾನು ಹೋಗ್ತೀನಿ ಅಂದ್ರು. ಆ ಮನುಷ್ಯ ಬದುಕಿ ಉಳಿದ, 1982ರಲ್ಲಿ ಕೋಲ್ಬೆಗೆ ಸಂತ ಪದವಿ ಕೊಟ್ಟಾಗ ಅಲ್ಲೇ ಇದ್ದ. ಕೋಲ್ಬೆ ಸಾವನ್ನ ಹುಡುಕ್ಕೊಂಡು ಹೋಗಲಿಲ್ಲ, ಒಬ್ಬ ಮನುಷ್ಯನ ಜಾಗದಲ್ಲಿ ನಿಂತ್ರು. ಆದ್ರೆ ಗಮನಿಸಿ, ಅವರ ಕೈಲಿ ಆ ಕ್ಯಾಂಪಿನ ಬಾಗಿಲ ಕೀಲಿ ಇರ್ಲಿಲ್ಲ. ನಿಮ್ಮ ಹುಡುಗನ ಕೈಲಿ ಇದೆ, ಕಲ್ಲು ಎತ್ತಲ್ಲ ಅಂದ್ರೆ ಯಾರನ್ನೂ ಕೊಡೋಕಾಗಲ್ಲ. ಕೀಲಿ ಇರೋನು ಬಾಗಿಲು ಮುಚ್ಚದೆ ತಾನೇ ಒಳಗೆ ಹೋಗಿ ಸಾಯೋದು ತ್ಯಾಗ ಹೇಗಾಗುತ್ತೆ?

ನಾಲೆಬಯಲು, ಮಂಡ್ಯ:

ನಾನು ಕ್ರಿಶ್ಚಿಯನ್ ಅಲ್ಲ ಕಣಣ್ಣ, ಆದ್ರೂ ಕೆರೆ ತೂಬು ಅಂತ ನೋಡಿ ಓದ್ದೆ, ಒಂದೆರಡು ಮಾತು ಹೇಳ್ತೀನಿ. ನಾವು ವಿಸಿ (ವಿಶ್ವೇಶ್ವರಯ್ಯ) ನಾಲೆ ನೀರಲ್ಲಿ ಬತ್ತ ಕಬ್ಬು ಬೆಳ್ದು ಬದುಕಿರೋ ಜನ. ಕನ್ನಂಬಾಡಿ ಕಟ್ಟೆ ಕೆಲಸ 1911ರಲ್ಲಿ ಸುರುವಾಗಿದ್ದು, ಕಟ್ಟೆ ಮೇಲೆದ್ದಾಗ ಹಳೇ ಕನ್ನಂಬಾಡಿ ಊರೇ ನೀರೊಳಕ್ಕೆ ಹೋಯ್ತು. ನೀರು ತಳ ಕಂಡ ಬರಗಾಲದಲ್ಲಿ ಹಳೇ ವೇಣುಗೋಪಾಲಸ್ವಾಮಿ ಗುಡಿ ಮೇಲೆ ಕಾಣೋದು ಅಂತ ನಮ್ಮ ಹಿರೀಕರು ಹೇಳೋರು. ಊರು ಬುಟ್ಟೋದೋರ ನೋವು ನೋವೇ, ಆದ್ರೆ ಅವರ ಜೀವ ಕೊಡ್ಲಿಲ್ಲ, ಬೇರೆ ಕಡೆ ನೆಲೆ ಮಾಡ್ಕೊಂಡ್ರು, ಅಲ್ಲಿಗೂ ನಿನ್ ಕತೆಗೂ ಅದೊಂದು ದೊಡ್ಡ ವ್ಯತ್ಯಾಸ ಐತೆ. ಇನ್ನೊಂದು, ದುಡ್ಡು ಸಾಲ್ದೇ ಇದ್ದಾಗ ಅರಮನೆಯೋರು ಒಡವೆ ಮಾರಿ ಕಟ್ಟೆ ಕಟ್ಸಿದ್ರು ಅಂತ ನಮ್ಮ ಕಡೆ ಇವತ್ತಿಗೂ ಹೇಳ್ತಾರೆ. ಜನ ಆ ಮಾತನ್ನ ಯಾಕೆ ಅಷ್ಟು ಪ್ರೀತಿಯಿಂದ ಹೇಳ್ತಾರೆ ಅಂದ್ರೆ, ತೀರ್ಮಾನ ಮಾಡ್ದೋರು ತಾವೂ ಕಳ್ಕೊಂಡ್ರು ಅಂತ. ನಿನ್ ಪಟೇಲ ಏನೂ ಕಳ್ಕೊಳಾಕೆ ತಯಾರಿಲ್ಲ, ಅಲ್ಲೇ ಇರೋದು ಅನ್ಯಾಯ.

ನನ್ ಕೇಳೋದಾದ್ರೆ ಹುಡುಗ ಏರಿ ಮೇಲೆ ನಿಂತು ಎಲ್ಲರ ಎದುರ್ಗೆ ಪಟೇಲನ ಕಲ್ಲು ಮಡಕೇಲಿಲ್ಲ ಅಂತ ಕೂಗ್ಬೇಕು. ಏಟು ಬಿದ್ರೆ ಬೀಳ್ಲಿ.

ಏರಿಮೇಲಿನ_ಹುಡುಗ, ಮಂಡ್ಯ:

ಎಲ್ಲರಿಗೂ ತುಂಬ ಥ್ಯಾಂಕ್ಸ್, ಇಷ್ಟು ಗಂಭೀರವಾಗಿ ತಗೋತೀರ ಅಂದ್ಕೊಂಡಿರ್ಲಿಲ್ಲ. ನಾಲೆಬಯಲು ಅಣ್ಣ ಹೇಳಿದ ಹಾಗೆ ಹುಡುಗ ಕೂಗಿದ ಅಂತಲೇ ಇಟ್ಕೊಳ್ಳಿ. ಆಗ ಊರೋರು ಏನಂತಾರೆ? ಸರಿ, ಪಟೇಲನ ಕಲ್ಲೂ ಹಾಕಿ ಇನ್ನೊಂದ್ಸಲ ಎತ್ತೋಣ ಅಂತಾರೆ. ಮೋಸ ಸರಿಹೋಯ್ತು, ಆದ್ರೆ ಒಬ್ಬರನ್ನ ಕೊಡೋದು ಹಾಗೇ ಉಳೀತು. ನ್ಯಾಯವಾಗಿ ಎತ್ತಿದ್ರೆ ಬಲಿ ಸರಿಯಾಗ್ಬಿಡುತ್ತಾ? ಮತ್ತೆ ಮಂಡಿಮೊಹಲ್ಲಾ ಬ್ರದರ್, ಕರುಣೆ ತೋರಿಸಿದ್ರೆ ಕೊನೆಗೆ ಅದರಿಂದಲೇ ದಾರಿ ಸಿಗುತ್ತೆ ಅನ್ನೋದನ್ನ ನಾನು ಹೀಗೆ ತರಬಹುದು: ಹಿಂದೊಂದ್ಸಲ ನೀರು ಕಮ್ಮಿ ಇದ್ದಾಗ, ಕಟ್ಟಳೆ ಮೀರಿ ಇವನು ಅವಳ ಮೇಕೆಗಳಿಗೆ ನೀರು ಬಿಟ್ಟಿದ್ದ, ಈಗ ಗುಡ್ಡದ ಹಿಂದೆ ಒಂದು ಒರತೆ ಇರೋದು ಮೇಕೆ ಮೇಯಿಸೋ ಅವಳಿಗೆ ಮಾತ್ರ ಗೊತ್ತು. ಇದು ಸರಿ ಇದ್ಯಾ?

ಪಾಲಹಳ್ಳಿ_ಕಡೆಯೋಳು:

ಒರತೆ ಇರ್ಲಿ, ಆದ್ರೆ ಅವಳು ಉಳಿಯೋಕೆ ಅದು ಕಾರಣ ಆಗ್ಬಾರ್ದು. ಒರತೆ ಗೊತ್ತಿಲ್ಲದ ಹುಡುಗಿ ಆಗಿದ್ರೆ ಕೊಟ್ಬಿಡಬಹುದಿತ್ತಾ? ಹುಡುಗ ಕಲ್ಲು ಎತ್ತಲ್ಲ ಅಂದಾದ ಮೇಲೆ, ಒಂದೆರಡು ದಿನ ಎಲ್ರೂ ಅವನಿಗೆ ಶಾಪ ಹಾಕಿ ಆದ ಮೇಲೆ, ಆಗ ಬರ್ಲಿ ಒರತೆ ವಿಷಯ.

ಹಳೇಪ್ರಸಂಗಿ, ಮೈಸೂರು:

ನಾನು ಸೆಮಿನರಿ ಓದಿ ಬಹಳ ಕಾಲ ಸಭೆಗಳಲ್ಲಿ ಸೇವೆ ಮಾಡಿದವನು, ಈಗ ನಿವೃತ್ತಿ. ತಡವಾಗಿ ನೋಡಿದೆ, ಎರಡು ವಿಷಯ ಮಾತ್ರ ಸೇರಿಸ್ತೀನಿ.

ಮೊದಲನೇದು ನಿಮ್ಮ ‘ನ್ಯಾಯವಾಗಿ ಎತ್ತಿದ್ರೆ ಸರಿಯಾ’ ಅನ್ನೋ ಪ್ರಶ್ನೆ. ಯೋಹಾನ 11:50ರಲ್ಲಿ ಮಹಾಯಾಜಕ ಕಾಯಫ ಯೇಸುವನ್ನ ಕುರಿತು ಹೇಳೋದು ನಿಮ್ಮ ಊರಿನ ಮಾತನ್ನೇ, ಜನಾಂಗವೆಲ್ಲ ನಾಶವಾಗೋದಕ್ಕಿಂತ ಒಬ್ಬ ಮನುಷ್ಯ ಸಾಯೋದು ಒಳ್ಳೇದು ಅಂತ. ಲೆಕ್ಕದಲ್ಲಿ ತಪ್ಪೇ ಇಲ್ಲ, ಯಾರಾದ್ರೂ ತಲೆ ಆಡಿಸ್ಬೇಕು ಹಾಗಿದೆ. ಅಲ್ಲೇ ಯೋಹಾನ ಬರೀತಾನೆ, ಅವನು ಇದನ್ನ ತನ್ನಷ್ಟಕ್ಕೆ ತಾನೇ ಹೇಳಲಿಲ್ಲ, ಆ ವರ್ಷದ ಮಹಾಯಾಜಕನಾಗಿ ಪ್ರವಾದಿಸಿದ ಅಂತ. ದೇವರು ಆ ಸಾವಿಂದಲೇ ರಕ್ಷಣೆ ತಂದ್ರು, ಹಾಗಂತ ಕಾಯಫ ಒಳ್ಳೇ ಕೆಲಸ ಮಾಡಿದ ಅಂತ ಯಾವ ಸಭೆಯೂ ಇವತ್ತಿನವರೆಗೆ ಹೇಳಿಲ್ಲ. ಕತೆ ಬರೆಯೋರಿಗೆ ಇದು ದೊಡ್ಡ ಆಸರೆ. ಕೆರೆಗೆ ನೀರು ಬಂತು ಅನ್ನೋದು ಒಂದು, ಕೊಟ್ಟಿದ್ದು ಸರಿ ಅನ್ನೋದು ಇನ್ನೊಂದು, ಒಂದರಿಂದ ಇನ್ನೊಂದನ್ನ ಸಾಧಿಸೋಕಾಗಲ್ಲ. ಜಾರ್ಜ್ ಮ್ಯಾಕ್‌ಡೊನಾಲ್ಡ್ ಅಂತ ಸ್ಕಾಟ್ಲೆಂಡಿನ ಬೋಧಕ, ಮಾಯಾಲೋಕದ ಕತೆಗಳನ್ನ ಬರೆದವನು, 1893ರಲ್ಲಿ ಬಂದ ಪ್ರಬಂಧದಲ್ಲಿ ಇದನ್ನೇ ಹೇಳಿದಾನೆ: ಹೊಸ ಲೋಕ ಕಟ್ಟೋನು ಪ್ರಕೃತಿ ನಿಯಮಗಳನ್ನ ತನಗೆ ಬೇಕಾದ ಹಾಗೆ ಹುಟ್ಟಿಸ್ಕೊಳ್ಳಬಹುದು, ನೀತಿಯ ನಿಯಮವನ್ನ ಮಾತ್ರ ಹೊಸದಾಗಿ ಹುಟ್ಟಿಸೋ ಅಧಿಕಾರ ಅವನಿಗಿಲ್ಲ. ನಿಮ್ಮ ಲೋಕದಲ್ಲಿ ಬಲಿ ಕೊಟ್ರೆ ನೀರು ಬರ್ಲಿ, ತಪ್ಪಿಲ್ಲ. ಬಲಿ ಕೊಡೋದು ಸರಿಯಾಗಿಬಿಡೋ ಲೋಕ ನೀವು ಕಟ್ಟೋಕಾಗಲ್ಲ.

ಎರಡನೇದು, ಕೆಳಗಿನೋಳಿಗೆ ಏನು ನಷ್ಟ ಅಂತ ಮೊದಲ ಪೋಸ್ಟಲ್ಲಿ ಕೇಳಿದ್ರಲ್ಲ, ಅದು ಹಗುರವಾದ ಪ್ರಶ್ನೆ ಅಲ್ಲ. ನಾಲ್ಕನೇ ಶತಮಾನದಲ್ಲಿ ನಜಿಯಾನ್ಸದ ಗ್ರೆಗೊರಿ ಅನ್ನೋ ಬಿಷಪ್ ಇದನ್ನೇ ಕೇಳಿದ. ಕ್ರಿಸ್ತನ ರಕ್ತ ಬಿಡುಗಡೆಯ ಬೆಲೆ ಅಂತೀವಿ, ಆ ಬೆಲೆ ಹೋಗಿದ್ದು ಯಾರಿಗೆ? ಸೈತಾನನಿಗೆ ಅನ್ನೋದಾದ್ರೆ ಅದು ಎಂಥ ಅವಮಾನ, ಜನರನ್ನ ದೋಚಿದವನಿಗೆ ದೇವರನ್ನೇ ಸಂಬಳವಾಗಿ ಕೊಟ್ಟ ಹಾಗಾಯ್ತು ಅಂತ ಅವನು ಒಪ್ಪಲಿಲ್ಲ. ಸಿ.ಎಸ್. ಲೂಯಿಸ್ ಬರೆದ ನಾರ್ನಿಯಾ ಕತೇಲಿ ಆಸ್ಲಾನ್ ಅನ್ನೋ ಸಿಂಹ ಎಡ್ಮಂಡ್ ಅನ್ನೋ ಹುಡುಗನ ಬದಲು ಸಾಯ್ತಾನೆ ನಿಜ, ಆದ್ರೆ ಅಲ್ಲಿ ಎಡ್ಮಂಡ್ ಅಣ್ಣ ಅಕ್ಕ ತಂಗಿಯರಿಗೆ ದ್ರೋಹ ಮಾಡಿದಾನೆ, ದ್ರೋಹಿಯ ಜೀವದ ಮೇಲೆ ಮಾಟಗಾತಿಗೆ ಆ ಲೋಕದ ಕಟ್ಟಳೆ ಪ್ರಕಾರ ಹಕ್ಕಿದೆ, ಮತ್ತೆ ಆ ಸಾವು ಅವಳ ಆಳ್ವಿಕೇನ ಮುರಿಯುತ್ತೆ. ನಿಮ್ಮಲ್ಲಿ ಮೇಕೆ ಕಾಯೋ ಹುಡುಗಿ ಯಾವ ದ್ರೋಹವೂ ಮಾಡಿಲ್ಲ, ಕೆಳಗಿನೋಳಿಗೆ ಯಾವ ಹಕ್ಕೂ ಇಲ್ಲ. ಹುಡುಗ ಇಳಿದ್ರೆ ಅವಳ ಆಳ್ವಿಕೆ ಮುರಿಯಲ್ಲ, ಮುಂದಿನ ಬರಗಾಲಕ್ಕೆ ಮತ್ತೆ ಮಡಕೆ ಹೊರಗೆ ಬರುತ್ತೆ. ನಿಮ್ಮ ಫ್ರೆಂಡ್ಸ್ ಹೇಳೋ ಕೊನೆ ನನಗೂ ಒಪ್ಪಿಗೆ ಆಗದೆ ಇರೋದು ಇದಕ್ಕೆ.

ಸತ್ಯ ಹೇಳಿದವರು ಗೆಲ್ಲಲೇಬೇಕು ಅಂತ ಕಟ್ಟಬೇಡಿ. ಪುಣ್ಯಕೋಟಿ ಮಾತು ಉಳಿಸ್ಕೊಂಡು ಹುಲಿ ಮುಂದೆ ಬಂದು ನಿಂತಾಗ ಬದುಕ್ತೀನಿ ಅಂತ ಲೆಕ್ಕ ಹಾಕಿರ್ಲಿಲ್ಲ, ಆ ಹಾಡು ಇವತ್ತಿಗೂ ಕಣ್ಣಲ್ಲಿ ನೀರು ತರಿಸೋದು ಅದಕ್ಕೇ. ತಂಗಿ ವಿಷಯ ನೀವೇ ಪ್ರಾರ್ಥನೆ ಮಾಡಿ ತೀರ್ಮಾನಿಸಿ, ಆದ್ರೆ ಅವಳನ್ನ ಸಾಯಿಸಿದ್ರೆ ಹುಡುಗ ಅದಕ್ಕೆ ತಕ್ಷಣ ಸಮಾಧಾನ ಕಂಡುಕೊಂಡ ಅಂತ ಮಾತ್ರ ಬರೀಬೇಡಿ. ಪ್ರಲಾಪಗಳು ಅಂತ ಒಂದು ಪುಸ್ತಕವೇ ಬೈಬಲ್ಲಲ್ಲಿ ಇದೆ.

ಏರಿಮೇಲಿನ_ಹುಡುಗ, ಮಂಡ್ಯ:

ಸಾರ್, ಮ್ಯಾಕ್‌ಡೊನಾಲ್ಡ್ ಮಾತು ಬರೆದು ಟೇಬಲ್ ಮೇಲೆ ಅಂಟಿಸ್ಕೊಂಡೆ.

ಈಗ ನಾನು ಮಾಡ್ಬೇಕು ಅಂದ್ಕೊಂಡಿರೋದು: ಮಡಕೆ ಅಧ್ಯಾಯ ಪೂರ್ತಿ ತಿರುಗಿ ಬರೀತೀನಿ, ಹುಡುಗ ಯಾಕೆ ಸುಮ್ನಿದ್ದ ಅನ್ನೋದೇ ಅದರ ತಿರುಳು. ಪಟೇಲನಿಗೆ ಎದೆಹಾಲು ಬಿಡದ ಮೊಮ್ಮಗು ಇರುತ್ತೆ. ಮೇಕೆ ಕಾಯೋಳ ಹೆಸರು ಸಣ್ಣಮ್ಮ, ಅವಳು ಗುಂಡಿ ಹತ್ರ ಸುಮ್ನೆ ನಿಲ್ಲಲ್ಲ, ಕಲ್ಲಿನ ಸದ್ದು ಬರಲಿಲ್ಲ ಅನ್ನೋದನ್ನ ಅವಳ ಎದುರಿಗೇ ಹುಡುಗ ಊರಿಗೆಲ್ಲ ಕೇಳೋ ಹಾಗೆ ಹೇಳ್ತಾನೆ. ಇನ್ನೊಂದ್ಸಲ ಎತ್ತೋಣ ಅಂತ ಎಲ್ರೂ ಮಡಕೆಗೆ ಕೈ ಹಾಕ್ದಾಗ, ಯಾರ ಹೆಸರು ಬಂದ್ರೂ ಕಲ್ಲು ಎತ್ತಲ್ಲ ಅಂತಾನೆ. ಪಟೇಲನ ಹೆಸರು ಬಂದ್ರೂ ಎತ್ತಲ್ಲ ಅಂತಾನೆ, ಈ ಸಾಲು ಬರೀವಾಗ ನನಗೇ ಮೈ ಜುಂ ಅಂತು. ಕೆಳಗಿನೋಳು ಅವತ್ತು ರಾತ್ರಿ ತೂಬಿನಿಂದ ಅವನ ಅಪ್ಪನ ಧ್ವನೀಲಿ ಮಾತಾಡ್ತಾಳೆ, ತಂಗಿ ಹೆಸರು ಹಿಡಿದು ಕರೀತಾಳೆ, ಹುಡುಗ ಅಲ್ಲೇ ಕೂತು ಬೆಳಗಾಗೋವರೆಗೆ ತಡ್ಕೊಳ್ತಾನೆ, ಜೊತೆಗೆ ಯಾರಾದ್ರೂ ಇರ್ಬೇಕು ಅನ್ಸಿ ಅಜ್ಜೀನ ಅಲ್ಲಿ ಕೂರಿಸಿದೀನಿ. ಒರತೆ ಆಮೇಲೆ, ಅದೂ ಇಡೀ ಊರಿಗೆ ಸಾಲೋ ಅಷ್ಟು ಇಲ್ಲ, ಅರ್ಧ ಜನ ಊರು ಬಿಟ್ಟು ಹೊಳೆ ಕಡೆ ಹೋಗ್ಬೇಕಾಗುತ್ತೆ. ತಂಗಿ ಬದುಕ್ತಾಳಾ ಇಲ್ವಾ ಅನ್ನೋದು ಇನ್ನೂ ಬರೆದಿಲ್ಲ.

ಹಿರಿಯರಿಗೆ ಹೊಸ ಅಧ್ಯಾಯ ಕೊಡ್ತೀನಿ, 18:10ರ ಬಗ್ಗೆ ಅಕ್ಕ ಹೇಳಿದ್ದನ್ನೂ ಹೇಳ್ತೀನಿ. ಇಲ್ಲಿ ಯಾರಿಗಾದ್ರೂ ಓದೋ ಮನಸ್ಸಿದ್ರೆ ಮೆಸೇಜ್ ಮಾಡಿ, ಮಡಕೆ ಅಧ್ಯಾಯ ಮೊದಲು ಕಳಿಸ್ತೀನಿ. ನಾಲೆಬಯಲು ಅಣ್ಣ, ನಿಮ್ಮ ಕಡೆ ತೂಬಿನ ಕಲ್ಲು ಎತ್ತೋಕೆ ಏನ್ ಬಳಸ್ತಿದ್ರು ಅಂತ ಮನೇಲಿ ದೊಡ್ಡೋರನ್ನ ಕೇಳಿ ಹೇಳಿ, ಆ ಸೀನಲ್ಲಿ ಹುಡುಗ ಅದನ್ನ ಕೈಯಿಂದ ಕೆಳಗೆ ಇಡ್ಬೇಕು.